ಅಪ್ಪ ತೀರಿಹೋದ ಮೇಲೆ ಅವರ ಸಾಲ ಯಾರ ತಲೆಗೆ?

ಪ್ರಶ್ನೆ: ನನ್ನ ತವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನನ್ನನ್ನು ಪುತ್ತೂರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅಪ್ಪ 2025ರ ಜನವರಿಯಲ್ಲಿ ತೀರಿಹೋದರು. ಮರಣಶಾಸನ ಏನೂ ಬರೆದಿಟ್ಟಿಲ್ಲ. ಅಮ್ಮ, ಅಣ್ಣ, ತಮ್ಮ ಮತ್ತು ನಾನು ಇದ್ದೇವೆ. ಅಪ್ಪನ ಅಮ್ಮ, ಅಂದರೆ ನಮ್ಮ ಅಜ್ಜಿ, 88 ವರ್ಷ, ಅದೇ ಮನೆಯಲ್ಲಿದ್ದಾರೆ. 1991ರಲ್ಲಿ ಅಪ್ಪ ಸ್ವಂತ ದುಡ್ಡಿನಲ್ಲಿ ಕ್ರಯಕ್ಕೆ ತೆಗೆದ 1 ಎಕ್ರೆ 60 ಸೆಂಟ್ಸ್ ಜಾಗ ಇದೆ. ಅಡಿಕೆ ತೋಟ, ಅದರಲ್ಲೇ ಮನೆ. ಸಾಲ ಎರಡು. ಊರಿನ ಸಹಕಾರಿ ಬ್ಯಾಂಕಿನಲ್ಲಿ ಜಾಗ ಇಟ್ಟು ತೆಗೆದ ನಾಲ್ಕೂವರೆ ಲಕ್ಷ, ಅದಕ್ಕೆ ತಮ್ಮ ಜಾಮೀನು. ಇನ್ನೊಂದು, ಪರಿಚಯದವರೊಬ್ಬರಿಂದ 2019ರ ಜೂನ್ 10ರಂದು ಪ್ರೊನೋಟು ಬರೆದುಕೊಟ್ಟು ತೆಗೆದ 3 ಲಕ್ಷ. ಬ್ಯಾಂಕಿನಿಂದ ಮಲಯಾಳದಲ್ಲಿ ಒಂದು ನೋಟೀಸು ಬಂದಿದೆ, ಅಮ್ಮನಿಗೆ ಓದಲು ಬರುವುದಿಲ್ಲ. ಕೈಸಾಲ ಕೊಟ್ಟವರು ವಾರಕ್ಕೊಮ್ಮೆ ಮನೆಗೆ ಬಂದು ಅಮ್ಮನ ಹೆಸರಿನಲ್ಲಿ ಹೊಸ ಪ್ರೊನೋಟು ಮಾಡಿಕೊಡಿ ಅನ್ನುತ್ತಿದ್ದಾರೆ. ‘ನಿನ್ನ ಹಕ್ಕು ಬಿಟ್ಟು ಸಹಿ ಹಾಕು, ಆಮೇಲೆ ಸಾಲದ ತಲೆಬಿಸಿ ನಿನಗಿಲ್ಲ’ ಎಂದು ಅಣ್ಣ ಹೇಳುತ್ತಾನೆ. ಪುತ್ತೂರಿನ ನಮ್ಮ ಜಾಗವೂ ಜಪ್ತಿಗೆ ಬರುತ್ತದಾ ಎಂದು ನಮ್ಮ ಮನೆಯವರಿಗೆ ಹೆದರಿಕೆ. ಏನು ಮಾಡಬೇಕು?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇದನ್ನು ಪೂರ್ತಿ ಓದುವ ಮುಂಚೆಯೇ ಅಮ್ಮನಿಗೆ ಫೋನ್ ಮಾಡಿ. ಯಾರು ಬಂದು ಏನು ಹೇಳಿದರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಹೇಳಿ. ಹೆಬ್ಬೆಟ್ಟೂ ಒತ್ತುವುದು ಬೇಡ. ಅಜ್ಜಿಗೂ ಇದೇ ಮಾತು ಹೇಳಿ. ‘ಮಗಳು ಬಂದು ಓದಲಿ, ಮತ್ತೆ ನೋಡುವಾ’ ಅಂದರೆ ಸಾಕು. ಹಾಗೆ ಹೇಳುವ ಹಕ್ಕು ಅವರಿಗೆ ಇದೆ. ಅದಕ್ಕಾಗಿ ಯಾರೂ ಅವರ ಮೇಲೆ ಏನೂ ಮಾಡಲು ಬರುವುದಿಲ್ಲ.

ಇನ್ನು ನಿಮ್ಮ ಮನೆಯವರ ಹೆದರಿಕೆಗೆ ಬರುತ್ತೇನೆ. ಪುತ್ತೂರಿನ ಜಾಗಕ್ಕೆ ಏನೂ ಆಗುವುದಿಲ್ಲ. ಅಪ್ಪನ ಸಾಲ ನಿಲ್ಲುವುದು ಅಪ್ಪ ಬಿಟ್ಟುಹೋದ ಆಸ್ತಿಯ ಮೇಲೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಂಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ತೀರಿಹೋದವರ ಆಸ್ತಿ ನಿಮ್ಮ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ ಮಾತ್ರ ನೀವು ಬಾಧ್ಯರು. ನಿಮ್ಮ ಸಂಬಳ, ನಿಮ್ಮ ಚಿನ್ನ, ನಿಮ್ಮ ಗಂಡನ ಮನೆಯ ಜಾಗ ಇವು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ ಏನೂ ಬಿಡದೆ ಹೋಗಿದ್ದರೆ ಸಾಲ ಕೊಟ್ಟವರು ಕೈ ತೊಳೆದುಕೊಳ್ಳಬೇಕಿತ್ತು.

ಹಾಗಾದರೆ ಇಷ್ಟು ಜನರಿಗೆ ಈ ಹೆದರಿಕೆ ಎಲ್ಲಿಂದ ಬಂತು? ಅದಕ್ಕೆ ಕಾರಣ ಇದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬುದು ಹಿಂದೂ ಕಾನೂನಿನಲ್ಲೇ ಇತ್ತು. ತಂದೆ ತಪ್ಪು ದಾರಿಗೆ ಮಾಡಿದ ಸಾಲ ಆಗಿರದಿದ್ದರೆ, ಕುಟುಂಬದ ಆಸ್ತಿಯಲ್ಲಿ ಮಗನಿಗಿದ್ದ ಪಾಲನ್ನೂ ಅದಕ್ಕೆ ಹಿಡಿಯಬಹುದಿತ್ತು. ಕೇರಳದಲ್ಲಿ ಅದು ಹೋಗಿ ಸುಮಾರು ಐವತ್ತು ವರ್ಷ ಆಯಿತು. 1975ರ ಕೇರಳ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಅದರ 5ನೇ ಕಲಂ ಮಗನ ಆ ಹೊಣೆಯನ್ನು ತೆಗೆದುಹಾಕಿತು. ಇಡೀ ದೇಶಕ್ಕೆ ಅದೇ ಬದಲಾವಣೆ 2005ರ ಸೆಪ್ಟೆಂಬರ್ 9ರಿಂದ ಬಂತು. ಕಾಯಿದೆ ಹೋದರೂ ಮಾತು ಉಳಿದುಕೊಂಡಿದೆ. ಸಾಲ ವಸೂಲಿಗೆ ಬರುವವರಿಗೆ ಅಂಗಳದಲ್ಲಿ ನಿಂತು ಆ ಮಾತು ಹೇಳುವುದು ಸುಲಭ, ಅಲ್ವಾ?

ಈಗ ಕೈಸಾಲದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನನಗೆ ಅತಿ ಹೆಚ್ಚು ಭಯ ಇರುವುದು ಇಲ್ಲೇ.

ಕೇಳಿದಾಗ ಕೊಡುತ್ತೇನೆ ಎಂದು ಬರೆದ ಪ್ರೊನೋಟಿಗೆ ಬರೆದ ದಿನದಿಂದ ಮೂರು ವರ್ಷ ಆಯುಷ್ಯ. ಅಷ್ಟರೊಳಗೆ ಕೋರ್ಟಿಗೆ ಹೋಗಬೇಕು. 2019ರ ಜೂನ್ 10ರ ಪ್ರೊನೋಟು ಸಾಮಾನ್ಯ ಲೆಕ್ಕದಲ್ಲಿ 2022ರ ಜೂನ್ 10ಕ್ಕೆ ಮುಗಿಯಬೇಕಿತ್ತು. ಆದರೆ ಕೊರೊನಾ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಟ್ಟಿತು. ನಿಮ್ಮ ಪ್ರೊನೋಟಿಗೆ ಆ ಮಾರ್ಚ್ 15ರಂದು ಸುಮಾರು ಎರಡು ವರ್ಷ ಮೂರು ತಿಂಗಳು ಉಳಿದಿತ್ತು. ಅಷ್ಟು ಸಮಯವನ್ನು 2022ರ ಮಾರ್ಚ್ 1ರಿಂದ ಎಣಿಸಿದರೆ 2024ರ ಮೇ ಕೊನೆಯ ವಾರಕ್ಕೆ ಮುಗಿಯುತ್ತದೆ. ಅಂದರೆ ಅಪ್ಪ ತೀರಿಹೋಗುವ ಏಳು ತಿಂಗಳು ಮೊದಲೇ ಆ ಕಾಗದದ ಅವಧಿ ಮುಗಿದಿದೆ.

ಒಂದು ಎಚ್ಚರಿಕೆ. ಪ್ರೊನೋಟಿನ ಹಿಂಬದಿ ನೋಡಬೇಕು. ‘ಬಡ್ಡಿ ಬಾಬ್ತು ಇಷ್ಟು ಕೊಟ್ಟಿದ್ದೇನೆ’ ಎಂದು ಅಪ್ಪ ಅವಧಿಯ ಒಳಗೆ ಬರೆದು ಸಹಿ ಹಾಕಿದ್ದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಸಾಲ ಇದೆ ಎಂದು ಒಪ್ಪಿ ಬರೆದ ಪತ್ರಕ್ಕೂ ಅದೇ ಬೆಲೆ. ಬಾಯಿಮಾತಿಗೆ ಆ ಬೆಲೆ ಇಲ್ಲ. ಸಾಲ ಕೊಟ್ಟವರೇ ತಮ್ಮ ಕೈಯಲ್ಲಿ ಬರೆದಿಟ್ಟ ಲೆಕ್ಕಕ್ಕೂ ಇಲ್ಲ. ಆದ್ದರಿಂದ ಅವರು ಮುಂದಿನ ವಾರ ಬಂದಾಗ ಜಗಳ ಮಾಡಬೇಡಿ. ಪ್ರೊನೋಟಿನ ಎರಡೂ ಬದಿಯ ಫೋಟೋ ತೆಗೆಯಲು ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಅವರು ಹೊಸ ಪ್ರೊನೋಟು ಕೇಳುತ್ತಿರುವುದು ಯಾಕೆ ಎಂದು ಈಗ ಗೊತ್ತಾಯಿತಲ್ಲ. ಅವಧಿ ಮುಗಿದ ಸಾಲವನ್ನೂ ಕೊಡುತ್ತೇನೆ ಎಂದು ಒಬ್ಬರು ಹೊಸದಾಗಿ ಬರೆದು ಸಹಿ ಹಾಕಿದರೆ ಅದು ಊರ್ಜಿತ. ಕರಾರು ಕಾಯಿದೆಯ 25ನೇ ಕಲಮಿನಲ್ಲಿ ಹಾಗಿದೆ. ಅಮ್ಮ ಸಹಿ ಹಾಕಿದ ಕ್ಷಣಕ್ಕೆ ಅದು ಅಪ್ಪನ ಸಾಲವಾಗಿ ಉಳಿಯುವುದಿಲ್ಲ, ಅಮ್ಮನ ಸ್ವಂತ ಸಾಲ ಆಗುತ್ತದೆ. ಆಗ ಅಪ್ಪನ ಆಸ್ತಿಯಷ್ಟಕ್ಕೆ ಮಾತ್ರ ಎಂಬ ರಕ್ಷಣೆ ಇರುವುದಿಲ್ಲ. ಅಮ್ಮನ ಕರಿಮಣಿ ಬಿಟ್ಟು ಉಳಿದ ಚಿನ್ನ, ತವರಿನಿಂದ ಬಂದ ಜಾಗ, ಎಲ್ಲದಕ್ಕೂ ಕೈ ಹಾಕಬಹುದು.

ನಾನು ವಕೀಲಿಕೆ ಶುರುಮಾಡಿದ ಹೊಸತರಲ್ಲಿ ಕುಂಬಳೆ ಕಡೆಯ ಒಬ್ಬ ತಾಯಿ ಬಂದಿದ್ದರು. ಗಂಡ ತೀರಿಹೋಗಿ ತಿಂಗಳು ಕಳೆದಿರಲಿಲ್ಲ. ಬಾಗಿಲಿಗೆ ಬಂದವರ ಎದುರು ನಾಚಿಕೆಯಾಗಿ, ಗಂಡನ ಹೆಸರು ಹಾಳಾಗಬಾರದು ಎಂದು, ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದ್ದರು. ನನ್ನ ಹತ್ತಿರ ಬರುವಾಗ ದುಡ್ಡು ಕಟ್ಟಬೇಕೆಂದು ಕೋರ್ಟಿನಿಂದ ಡಿಕ್ರಿ ಆಗಿತ್ತು. ತಾಯಿಮನೆಯಿಂದ ಅವರಿಗೆ ಬಂದಿದ್ದ ಮೂವತ್ತು ಸೆಂಟ್ಸ್ ಏಲಂ ಆಯಿತು. ಗಂಡನ ಹಳೆಯ ಪ್ರೊನೋಟಿನ ಅವಧಿ ಎಂದೋ ಮುಗಿದಿತ್ತು. ಸುಮ್ನೆ ಕೂತಿದ್ದರೆ ಸಾಕಿತ್ತು. ಆ ತಾಯಿಯ ಮುಖ ನನಗೆ ಇವತ್ತಿಗೂ ಕಣ್ಣಮುಂದೆ ಬರುತ್ತದೆ. ಅದಕ್ಕೇ ಸಹಿಯ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಿದೆ.

ಹಾಗೆಂದು ಅಪ್ಪ ತೆಗೆದ ದುಡ್ಡನ್ನು ಮುಳುಗಿಸಿ ಎಂದು ನಾನು ಹೇಳುತ್ತಿಲ್ಲ. ಆ ಮನುಷ್ಯ ಕಷ್ಟಕ್ಕೆ ಒದಗಿದವರಾದರೆ, ದುಡ್ಡು ಬರಬೇಕಾದ್ದು ನಿಜವಾದರೆ, ಕೊಡಬೇಕು ಎಂದು ನಿಮ್ಮ ಮನಸ್ಸಿಗೂ ಅನಿಸಬಹುದು. ಅದು ಒಳ್ಳೆಯ ಮನಸ್ಸು. ಆಗ ಎಲ್ಲರೂ ಕೂತು ಮಾತಾಡಿ ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ತೀರ್ಮಾನಿಸಿ. ಬ್ಯಾಂಕ್ ಖಾತೆಯ ಮೂಲಕ ಕೊಡಿ. ರಶೀದಿ ತೆಗೆದುಕೊಳ್ಳಿ. ಕೊನೆಯ ಕಂತಿನ ದಿನ ಮೂಲ ಪ್ರೊನೋಟು ವಾಪಸು ಪಡೆಯಿರಿ. ಇದಕ್ಕೆಲ್ಲ ಹೊಸ ಕಾಗದದ ಅಗತ್ಯವೇ ಇಲ್ಲ.

ಇನ್ನು ಕೆಲವರು ‘ನಿಮ್ಮ ಅಪ್ಪ ಸಹಿ ಹಾಕಿದ ಖಾಲಿ ಚೆಕ್ ನನ್ನ ಹತ್ತಿರ ಇದೆ, ಕೇಸು ಹಾಕುತ್ತೇನೆ’ ಎಂದು ಹೆದರಿಸುತ್ತಾರೆ. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು ಚೆಕ್ ಕೊಟ್ಟವರ ಮೇಲೆ. ಅವರು ತೀರಿಹೋದ ಮೇಲೆ ಹೆಂಡತಿ ಮಕ್ಕಳ ಮೇಲೆ ಅದು ನಡೆಯುವುದಿಲ್ಲ. ಮನೆಗೆ ಬಂದು ಬೆದರಿಸುವುದು, ವಿಪರೀತ ಬಡ್ಡಿ ಕೇಳುವುದು ನಡೆದರೆ ಪೊಲೀಸರಿಗೆ ದೂರು ಕೊಡಬಹುದು. ವಿಪರೀತ ಬಡ್ಡಿಯ ವಿರುದ್ಧ ಕೇರಳದಲ್ಲಿ 2012ರದ್ದೇ ಒಂದು ಕಾಯಿದೆ ಇದೆ. 2014ರಲ್ಲಿ ‘ಆಪರೇಷನ್ ಕುಬೇರ’ ಎಂದು ಬ್ಲೇಡಿನವರ, ಅಂದರೆ ವಿಪರೀತ ಬಡ್ಡಿಗೆ ಸಾಲ ಕೊಡುವವರ, ಮೇಲೆ ಪೊಲೀಸರು ದಾಳಿ ಮಾಡಿದ್ದು ನಮ್ಮಲ್ಲಿ ತುಂಬ ಜನರಿಗೆ ನೆನಪಿರಬಹುದು.

ಸಹಕಾರಿ ಬ್ಯಾಂಕಿನ ಸಾಲದ ಕಥೆ ಬೇರೆ. ಅದು ಜಾಗದ ಮೇಲೆ ಕೂತಿದೆ. ನಿಮ್ಮಲ್ಲಿ ಬಹುಶಃ ‘ಗಹಾನ್’ ಮಾಡಿರುತ್ತಾರೆ. ಇದು ಕೇರಳದ ಸಹಕಾರಿ ಸಾಲಗಳಲ್ಲಿ ಇರುವ ಅಡವಿನ ಒಂದು ವಿಧ. ಸಬ್ ರಿಜಿಸ್ಟ್ರಾರ್ ಆಫೀಸಿನ ದಾಖಲೆಯಲ್ಲಿ ಇರುತ್ತದೆ. ಕುಡಿಕ್ಕಡ ಸರ್ಟಿಫಿಕೇಟ್ (ಜಾಗದ ಋಣಭಾರ ಪತ್ರ, ಇ.ಸಿ.) ತೆಗೆದರೆ ಅದರಲ್ಲಿ ಕಾಣುತ್ತದೆ. ಅಪ್ಪ ಹೋದರೂ, ನೀವು ಪಾಲು ಮಾಡಿಕೊಂಡರೂ, ಜಾಗ ಯಾರ ಹೆಸರಿಗೆ ಹೋದರೂ ಆ ಭಾರ ಜಾಗದ ಜೊತೆಗೇ ಹೋಗುತ್ತದೆ. ಅಡವಿನ ಸಾಲಕ್ಕೆ ಅವಧಿಯೂ ಜಾಸ್ತಿ, 12 ವರ್ಷ. ಆದ್ದರಿಂದ ಇದನ್ನು ತೀರಿಸಲೇಬೇಕು. ಪ್ರಶ್ನೆ ಎಷ್ಟು, ಹೇಗೆ ಎಂಬುದು ಮಾತ್ರ.

ನಿಮ್ಮ ತಮ್ಮನ ಸ್ಥಿತಿ ಉಳಿದವರ ಹಾಗಲ್ಲ. ಇದನ್ನು ಅವನಿಗೆ ಬಿಡಿಸಿ ಹೇಳಿ. ಮಗನಾಗಿ ಅವನಿಗೆ ಸ್ವಂತ ಹೊಣೆ ಇಲ್ಲ. ಜಾಮೀನುದಾರನಾಗಿ ಇದೆ. ಜಾಮೀನು ಹಾಕಿದವರಿಂದಲೂ ಸಾಲಗಾರರಿಂದ ಕೇಳುವಷ್ಟನ್ನೇ ಕೇಳಬಹುದು. ಮೊದಲು ಜಾಗ ಮಾರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳಲು ಅವನಿಗೆ ಬರುವುದಿಲ್ಲ. ಅವನ ಸಂಬಳಕ್ಕೂ ಕೈ ಹಾಕಬಹುದು. ಆದರೆ ಅವನು ಕೈಯಿಂದ ಕಟ್ಟಿದರೆ ಆ ದುಡ್ಡನ್ನು ಅಪ್ಪನ ಆಸ್ತಿಯಿಂದ ವಾಪಸು ಕೇಳುವ ಹಕ್ಕು ಅವನಿಗೆ ಬರುತ್ತದೆ. ಪಾಲು ಮಾಡುವಾಗ ಇದನ್ನು ಮರೆತರೆ ಅವನಿಗೆ ಅನ್ಯಾಯ ಆಗುತ್ತದೆ. ಸಂಸಾರದಲ್ಲಿ ಮುಂದೆ ಬರುವ ಎಷ್ಟೋ ಮನಸ್ತಾಪಗಳ ಬೇರು ಇಂಥ ಕಡೆಯೇ ಇರುತ್ತದೆ.

ಬ್ಯಾಂಕಿಗೆ ಹೋಗಿ ಕೇಳಬೇಕಾದ್ದು ಮೂರು. ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೊಡಿ ಎಂದು ಕೇಳಿ, ಅಸಲು, ಬಡ್ಡಿ, ದಂಡಬಡ್ಡಿ ಬೇರೆ ಬೇರೆಯಾಗಿ ಇರಲಿ. ಸಾಲ ಕೊಡುವಾಗ ರಿಸ್ಕ್ ಫಂಡಿಗೆ ದುಡ್ಡು ಹಿಡಿದಿದ್ದಾರಾ ಎಂದು ಕೇಳಿ. ಇದನ್ನು ಮರೆಯಲೇಬೇಡಿ. ಕೇರಳದ ಸಹಕಾರಿ ಸಂಘಗಳಲ್ಲಿ ಸಾಲಗಾರರು ತೀರಿಹೋದರೆ ಸಹಾಯ ಸಿಗುವ ರಿಸ್ಕ್ ಫಂಡ್ ಯೋಜನೆ ಇದೆ. ವಯಸ್ಸು, ಸಾಲದ ಅವಧಿ, ಮೊತ್ತ ಇವಕ್ಕೆಲ್ಲ ಮಿತಿ ಉಂಟು. ಆದರೆ ಎಷ್ಟೋ ಮನೆಯವರು ಅರ್ಜಿಯೇ ಹಾಕುವುದಿಲ್ಲ, ಯಾಕೆಂದರೆ ಹೀಗೊಂದು ಇದೆ ಎಂದು ಗೊತ್ತಿರುವುದಿಲ್ಲ. ನಿಮ್ಮ ಅಪ್ಪ ತೀರಿಹೋಗಿ ದಿನ ಕಳೆದಿದೆ, ತಡ ಮಾಡದೆ ಕೇಳಿ. ಮೂರನೆಯದು ಒಟ್ಟಿಗೆ ಕಟ್ಟಿ ಮುಗಿಸಿದರೆ ಎಷ್ಟು ಬಿಡುತ್ತೀರಿ ಎಂಬುದು. ಬಾಕಿ ವಸೂಲಿಗೆ ‘ನವಕೇರಳೀಯಂ ಕುಡಿಶಿಕ ನಿವಾರಣ’ ಎಂದು ಆಗಾಗ ಅದಾಲತ್ ಮಾಡಿ ಬಡ್ಡಿಯಲ್ಲಿ ರಿಯಾಯಿತಿ ಕೊಡುವುದು ಇದೆ, ಈಗ ನಡೆಯುತ್ತಿದೆಯಾ ಎಂದು ಕೇಳಿ. ಸಾಲಗಾರರು ತೀರಿಹೋದ ಮನೆ ಎಂದು ಅರ್ಜಿಯಲ್ಲಿ ಬರೆಯಿರಿ.

ಆ ಮಲಯಾಳ ನೋಟೀಸು ಯಾವುದು ಎಂಬುದರ ಮೇಲೆ ಎಷ್ಟು ಅವಸರ ಎಂಬುದು ನಿಂತಿದೆ. ಬ್ಯಾಂಕಿನ ಬರೀ ನೆನಪೋಲೆ ಆಗಿದ್ದರೆ ಮೇಲೆ ಹೇಳಿದ್ದು ಸಾಕು. ಅದರಲ್ಲಿ 69ನೇ ಕಲಂ, ಆರ್ಬಿಟ್ರೇಷನ್ ಎಂದಿದ್ದರೆ ಅದು ಸಹಕಾರಿ ಸಂಘಗಳ ಕಾಯಿದೆಯ ಕೇಸು, ತಾರೀಕಿನ ದಿನ ಹಾಜರಾಗಲೇಬೇಕು. ಹೋಗದಿದ್ದರೆ ನಿಮ್ಮ ಮಾತು ಕೇಳದೆ ತೀರ್ಪು ಆಗುತ್ತದೆ. ಸರ್ಫಾಸಿ (ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ಹಿಡಿಯಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯಿದೆ), 13(2) ಎಂದಿದ್ದರೆ 60 ದಿನದ ಗಡುವು ಓಡುತ್ತಿದೆ. ಆ ಗಡುವಿನೊಳಗೆ ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಬೇಕು. ಸರ್ಫಾಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯ ಆಗುವುದಿಲ್ಲ. ನಿಮ್ಮದು ಅಡಿಕೆ ತೋಟ, ಈಗಲೂ ಕೃಷಿ ನಡೆಯುತ್ತಿದೆ ಎಂಬುದನ್ನು ಆಕ್ಷೇಪದಲ್ಲಿ ಬರೆಯಬೇಕು, ಜೊತೆಗೆ ಪುರಾವೆ ಇಡಬೇಕು. ಜಾಗ ನಿಜವಾಗಿ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಕೋರ್ಟು ನೋಡುತ್ತದೆ, ಬರೀ ದಾಖಲೆಯ ಹೆಸರು ಸಾಲದು. ಈ ಎರಡು ಬಗೆಯ ನೋಟೀಸಿನಲ್ಲಿ ಯಾವುದಾದರೂ ಆಗಿದ್ದರೆ ತಕ್ಷಣ ವಕೀಲರನ್ನು ನೋಡಿ.

ಭಾಷೆಯ ಬಗ್ಗೆ ಒಂದು ಮಾತು. ಮಲಯಾಳ ಬಾರದು ಎಂದು ಅಮ್ಮ ಹಿಂಜರಿಯಬೇಕಾಗಿಲ್ಲ. ಕೇರಳದ ಅಧಿಕೃತ ಭಾಷೆಯ ಕಾನೂನಿನ ಪ್ರಕಾರ ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ವಿಲ್ಲೇಜ್ ಆಫೀಸು, ತಾಲೂಕು ಆಫೀಸುಗಳಿಗೆಲ್ಲ ಇದು ಸೇರುತ್ತದೆ. ಸಹಕಾರಿ ಬ್ಯಾಂಕು ಸರ್ಕಾರಿ ಕಚೇರಿ ಅಲ್ಲ, ಆದರೂ ಕನ್ನಡದಲ್ಲಿ ಅರ್ಜಿ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ನಮ್ಮ ಕಡೆ ಕೇರಳ ರಾಜ್ಯ ಆದ 1956ಕ್ಕೆ ಮುಂಚಿನ ಆಧಾರಗಳನ್ನು, ಅಂದರೆ ಜಾಗದ ದಸ್ತಾವೇಜುಗಳನ್ನು, ಬಿಚ್ಚಿದರೆ ಕನ್ನಡದಲ್ಲೇ ಇರುತ್ತವೆ. ಅದೇ ನೆಲದ ಕಾಗದವನ್ನು ಈಗ ಓದಿಸಿಕೊಳ್ಳಲು ಇನ್ನೊಬ್ಬರ ಮನೆಗೆ ಹೋಗಬೇಕಾಗಿದೆ ಎಂಬುದು ನನಗೆ ಯಾವಾಗಲೂ ನೋವು ಕೊಡುವ ಸಂಗತಿ. ಓದಿಸುವುದಾದರೆ ಸಾಲಕ್ಕೂ ಜಾಗಕ್ಕೂ ಸಂಬಂಧ ಇಲ್ಲದವರಿಂದ ಓದಿಸಿ.

ಈಗ ಪಾಲಿನ ವಿಷಯ. ನಿಮ್ಮ ಪತ್ರದಲ್ಲಿ ಅಜ್ಜಿಯ ಬಗ್ಗೆ ಅರ್ಧ ಸಾಲು ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಗಂಡಸು ಮರಣಶಾಸನ ಇಲ್ಲದೆ ತೀರಿಹೋದರೆ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಹೆತ್ತ ತಾಯಿ. ಎಲ್ಲರಿಗೂ ಸಮಪಾಲು. ನಿಮ್ಮಲ್ಲಿ ನಾಲ್ಕು ಪಾಲು ಅಂದುಕೊಂಡಿರಬಹುದು, ಆದರೆ ಐದು ಪಾಲು. 160 ಸೆಂಟ್ಸಿನಲ್ಲಿ ತಲಾ 32 ಸೆಂಟ್ಸಿನ ಲೆಕ್ಕ. ಮನೆಯಲ್ಲೂ ಐದರಲ್ಲಿ ಒಂದು. ಮದುವೆಯಾಗಿ ಹೋದ ಮಗಳಿಗೆ ಮನೆಯಲ್ಲಿ ಪಾಲು ಕೇಳಲು ಮೊದಲು ಒಂದು ಅಡ್ಡಿ ಇತ್ತು. ಅದೂ 2005ರಲ್ಲಿ ಹೋಯಿತು.

ಅಜ್ಜಿಯನ್ನು ಬಿಟ್ಟು ನಾಲ್ಕು ಜನ ಪಾಲುಪಟ್ಟಿ ಮಾಡಿದರೆ ಅದು ನಿಲ್ಲುವುದಿಲ್ಲ. ಇವತ್ತು ಯಾರೂ ಕೇಳದಿರಬಹುದು. ಹತ್ತು ವರ್ಷ ಬಿಟ್ಟು ಜಾಗ ಮಾರಲು ಹೊರಟಾಗ ತೆಗೆದುಕೊಳ್ಳುವವರ ವಕೀಲರು ಕೇಳುತ್ತಾರೆ. ಅಜ್ಜಿ ಏನೂ ಬರೆಯದೆ ತೀರಿಹೋದರೆ ಅವರ 32 ಸೆಂಟ್ಸು ಅವರ ಮಕ್ಕಳಿಗೆ ಹೋಗುತ್ತದೆ. ನಿಮಗೆ ಇಬ್ಬರು ಅತ್ತೆಯಂದಿರು, ಅಂದರೆ ಅಪ್ಪನ ಅಕ್ಕತಂಗಿಯರು, ಇದ್ದಾರೆ ಅಂದುಕೊಳ್ಳಿ. ಆಗ ಅವರಿಗೆ ಒಂದೊಂದು ಭಾಗ, ನಿಮ್ಮ ಅಪ್ಪನ ಭಾಗ ನಿಮಗೆ ಮೂವರಿಗೆ. ಅಮ್ಮನಿಗೆ ಅದರಲ್ಲಿ ಏನೂ ಇಲ್ಲ. ಅತ್ತೆಯಂದಿರು ಕೇಳಿದರೆ ಅದು ದುರಾಸೆ ಅಲ್ಲ, ಅವರ ಹಕ್ಕು.

ಅಜ್ಜಿಗೆ ಬುದ್ಧಿ ಸ್ಥಿಮಿತದಲ್ಲಿದ್ದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಅವರನ್ನೇ ಕೇಳಿ. ನೀವು ಮೂವರೂ ಒಟ್ಟಿಗೆ ಇದ್ದು ಕೇಳಿ, ಸಾಧ್ಯವಾದರೆ ಅತ್ತೆಯಂದಿರನ್ನೂ ಕರೆಯಿರಿ. ಅವರು ಪಾಲು ಇಟ್ಟುಕೊಳ್ಳಬಹುದು, ಪಾಲುಪಟ್ಟಿಯಲ್ಲಿ ಬೇರೆಯವರಿಗೆ ಬಿಡಬಹುದು, ಮರಣಶಾಸನ ಬರೆಯಬಹುದು. ಮರಣಶಾಸನಕ್ಕೆ ಇಬ್ಬರು ಸಾಕ್ಷಿ ಬೇಕು, ರಿಜಿಸ್ಟ್ರಿ ಕಡ್ಡಾಯ ಇಲ್ಲ, ಮಾಡಿಸಿದರೆ ಒಳ್ಳೆಯದು. ಆಫೀಸಿಗೆ ಬರಲು ಆಗದಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ರಿಜಿಸ್ಟ್ರಿ ಮಾಡಿಕೊಡುವ ಅವಕಾಶ ಕಾಯಿದೆಯಲ್ಲಿದೆ. ಅಜ್ಜಿ ಯಾರಿಗಾದರೂ ಜಾಗ ಬರೆದುಕೊಡುವುದಾದರೆ ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಆಧಾರದಲ್ಲಿ ಸ್ಪಷ್ಟ ಮಾತಿನಲ್ಲಿ ಬರೆಸಿ. ಹಾಗೆ ಬರೆದಿದ್ದರೆ, ನೋಡಿಕೊಳ್ಳದ ಪಕ್ಷದಲ್ಲಿ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಲ್ಲಿ ಆ ಆಧಾರವನ್ನೇ ರದ್ದು ಮಾಡಿಸಬಹುದು. ಷರತ್ತು ಬರೆಯದಿದ್ದರೆ ಅದು ತುಂಬ ಕಷ್ಟ. 88ರ ವಯಸ್ಸಿನಲ್ಲಿ ಅವರಿಗೆ ಇರುವ ಬಲ ಅದೊಂದೇ.

ಇದು ಅಪ್ಪ ಸ್ವಂತ ದುಡ್ಡಿನಲ್ಲಿ ತೆಗೆದ ಜಾಗ ಆದ್ದರಿಂದ ಲೆಕ್ಕ ಸರಳ. ಹಿರಿಯರಿಂದ ಬಂದ ಕುಟುಂಬದ ಜಾಗ ಆಗಿದ್ದರೆ ಪಾಲು ಬೇರೆ ರೀತಿ ಬರುತ್ತದೆ. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಹಕ್ಕು ಎಂದು ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಇದನ್ನು ಓದುವ ಬೇರೆಯವರಿಗಾಗಿ ಇನ್ನೊಂದು ಮಾತು: ಮುಸ್ಲಿಮರಿಗೆ ಶರೀಯತ್ತಿನಂತೆ ಸಾಲ ಕಳೆದ ಮೇಲೆ ಪಾಲು, ಕ್ರೈಸ್ತರಿಗೆ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೆ ಮೂರರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. ಸಾಲ ಆಸ್ತಿಯ ಮೇಲೆ ಮಾತ್ರ ಎಂಬುದು ಎಲ್ಲರಿಗೂ ಒಂದೇ.

ಅಣ್ಣನ ಮಾತಿಗೆ ಬರೋಣ. ಹಕ್ಕು ಬಿಟ್ಟರೆ ಸಾಲದ ತಲೆಬಿಸಿ ಇಲ್ಲ ಎಂದು ಅವನು ಹೇಳಿದ್ದಾನೆ. ಅವನು ಮೋಸ ಮಾಡಲೆಂದೇ ಹೇಳಿದ್ದಾನೆ ಎಂದು ನಾನು ತಿಳಿಯುವುದಿಲ್ಲ, ಆಧಾರ ಬರೆಯುವವರೋ ಯಾರೋ ಹೇಳಿದ್ದನ್ನು ಅವನು ನಂಬಿರಬಹುದು. ಆದರೆ ಮಾತು ಸರಿ ಇಲ್ಲ. ನಿಮ್ಮ ತಲೆಯ ಮೇಲೆ ಸ್ವಂತ ಸಾಲ ಈಗಲೂ ಇಲ್ಲ. ಇಲ್ಲದ ಹೊರೆ ಇಳಿಸಿಕೊಳ್ಳಲು 32 ಸೆಂಟ್ಸ್ ಕೊಟ್ಟ ಹಾಗೆ ಆಗುತ್ತದೆ. ಅಣ್ಣ ಊರಲ್ಲೇ ಇದ್ದು ಅಪ್ಪನನ್ನು ನೋಡಿಕೊಂಡ, ಅವನಿಗೆ ಇರಲಿ ಎಂದು ನಿಮಗೆ ಮನಸ್ಸಾದರೆ ಬಿಡಿ. ಅದು ಪ್ರೀತಿಯಿಂದ ಆಗಲಿ, ಹೆದರಿಕೆಯಿಂದ ಬೇಡ.

ಬಿಡುವುದಾದರೂ ಮೂರು ವಿಷಯ ನೋಡಿ. ಬಿಡುಗಡೆ ಪತ್ರ ರಿಜಿಸ್ಟ್ರಿ ಆದ ಮೇಲೆ ವಾಪಸು ಪಡೆಯುವುದು ಬಹಳ ಕಷ್ಟ. ಮೋಸ, ಒತ್ತಡ ಎಂದು ತೋರಿಸಬೇಕು, ಅದೂ ಗೊತ್ತಾಗಿ ಮೂರು ವರ್ಷದೊಳಗೆ. ಯಾರ ಪರವಾಗಿ ಬಿಡುತ್ತಿದ್ದೀರಿ ಎಂಬುದು ಸ್ಪಷ್ಟ ಇರಲಿ. ಎಲ್ಲರ ಪರವಾಗಿ ಬಿಟ್ಟರೆ ಅಮ್ಮನಿಗೂ ಅಜ್ಜಿಗೂ ಸ್ವಲ್ಪ ಸೇರುತ್ತದೆ, ಅಣ್ಣನೊಬ್ಬನಿಗೆ ಬಿಟ್ಟರೆ ಅವನಿಗೆ ಮಾತ್ರ. ಬ್ಯಾಂಕಿನ ಸಾಲ ಯಾರು ಕಟ್ಟುತ್ತಾರೆ ಎಂಬುದನ್ನೂ ಅದರಲ್ಲೇ ಬರೆಸಿ. ನನ್ನನ್ನು ಕೇಳಿದರೆ ಇವತ್ತು ಬಿಡುಗಡೆ ಪತ್ರಕ್ಕಿಂತ ಐದು ಜನರೂ ಸೇರಿದ ಪಾಲುಪಟ್ಟಿಯೇ ಸರಿ. ಬ್ಯಾಂಕಿನ ಸಾಲ ತೀರಿಸಿ, ಗಹಾನ್ ರಿಲೀಸ್ ಮಾಡಿಸಿ, ಆಮೇಲೆ ಪಾಲು. ಅಡಿಕೆಯ ಎರಡು ಫಸಲು ಅದಕ್ಕೇ ಹೋದರೂ ಚಿಂತೆ ಇಲ್ಲ. ಮನೆಯವರೊಳಗಿನ ಪಾಲುಪಟ್ಟಿಗೆ ಸ್ಟಾಂಪಿನ ಖರ್ಚು ಮಾರಾಟದ ಆಧಾರಕ್ಕಿಂತ ಬಹಳ ಕಡಿಮೆ.

ಅದಕ್ಕೆ ಮೊದಲು ವಾರಸುದಾರರ ಸರ್ಟಿಫಿಕೇಟ್ ಆಗಬೇಕು. ಅರ್ಜಿ ವಿಲ್ಲೇಜ್ ಆಫೀಸಿನ ವರದಿಯೊಂದಿಗೆ ತಹಶೀಲ್ದಾರರ ಹತ್ತಿರ ಹೋಗುತ್ತದೆ. ಗೆಜೆಟಿನಲ್ಲಿ ಪ್ರಕಟಿಸಿ ಆಕ್ಷೇಪ ಇದೆಯಾ ಎಂದು ಕೇಳುತ್ತಾರೆ. ಹಾಗಾಗಿ ಕೆಲವು ತಿಂಗಳು ಹಿಡಿಯುತ್ತದೆ. ಅರ್ಜಿಯಲ್ಲಿ ಅಜ್ಜಿಯ ಹೆಸರು ಇದೆಯಾ ಎಂದು ನೀವೇ ಕಣ್ಣಾರೆ ನೋಡಿ. ಸಿಕ್ಕಿದ ಮೇಲೆ ಐದು ಜನರ ಹೆಸರಿಗೂ ಪೋಕುವರವು (ಖಾತೆ ಬದಲಾವಣೆ) ಮಾಡಿಸಿ ಒಟ್ಟಿಗೆ ತಂಡಪೇರು (ಕಂದಾಯ ಖಾತೆಯ ನಂಬರು) ತೆಗೆದು ತೀರ್ವೆ (ಭೂಕಂದಾಯ) ಕಟ್ಟಬಹುದು. ಅಣ್ಣ ಒಬ್ಬನೇ ತೀರ್ವೆ ಕಟ್ಟಿದ ರಶೀದಿ ಇದ್ದರೆ ಜಾಗ ಅವನದಾಗುವುದಿಲ್ಲ. ಪೋಕುವರವು ಕಂದಾಯದ ಲೆಕ್ಕಕ್ಕೆ, ಹಕ್ಕು ಅದರಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಅಪ್ಪನ ಹೆಸರಿನಲ್ಲಿ ಅದೇ ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಅದನ್ನು ಸಾಲಕ್ಕೆ ಹಿಡಿಯಬಹುದು. ಬೇರೆ ಕಡೆ ಇದ್ದರೆ ನಾಮಿನಿಗೆ ಕೊಡುತ್ತಾರೆ, ಆದರೆ ನಾಮಿನಿ ಉಳಿದವರ ಪರವಾಗಿ ಹಣ ಪಡೆದವರು ಮಾತ್ರ. ಚಿನ್ನ ಅಡವು ಏನಾದರೂ ಇದ್ದರೆ ಏಲಂ ನೋಟೀಸು ಬರುವ ಮೊದಲೇ ವಿಚಾರಿಸಿ. ಕುರಿ (ಚಿಟ್ ಫಂಡ್) ಹಿಡಿದು ಬಾಕಿ ಇದೆಯಾ ಎಂದೂ ಅಮ್ಮನನ್ನು ಕೇಳಿ.

ಇನ್ನು ನಿಮ್ಮ ಮೂವರಲ್ಲಿ ಒಬ್ಬರು ಒಂದು ಪುಸ್ತಕ ಇಡಬೇಕು. ಅಪ್ಪ ತೀರಿಹೋದ ದಿನದಿಂದ ಆಸ್ತಿ ಏನೇನಿತ್ತು, ಅಡಿಕೆ ಎಷ್ಟು ಕ್ವಿಂಟಾಲ್ ಹೋಯಿತು, ದುಡ್ಡು ಎಷ್ಟು ಬಂತು, ಕ್ರಿಯೆಗೆ ಎಷ್ಟು, ಆಸ್ಪತ್ರೆ ಬಾಕಿಗೆ ಎಷ್ಟು, ಸಾಲಕ್ಕೆ ಎಷ್ಟು ಎಂದು ಅದರಲ್ಲಿ ಬರೆಯಿರಿ, ಬಿಲ್ಲುಗಳನ್ನೂ ಅದರಲ್ಲೇ ಇಡಿ. ಇದು ಬರೀ ಶಿಸ್ತಿಗಾಗಿ ಅಲ್ಲ. ಅಪ್ಪನ ಆಸ್ತಿ ಕೈಗೆ ಬಂದು, ಅದನ್ನು ಸರಿಯಾದ ರೀತಿಯಲ್ಲಿ ಖರ್ಚು ಮಾಡಿದ್ದೇವೆ ಎಂದು ಕೋರ್ಟಿಗೆ ತೋರಿಸಲು ಆಗದಿದ್ದರೆ, 52ನೇ ಕಲಂ ಪ್ರಕಾರ ಆ ಮೊತ್ತದಷ್ಟಕ್ಕೆ ನಿಮ್ಮ ಸ್ವಂತ ಆಸ್ತಿಗೂ ಕೈ ಹಾಕಬಹುದು. ಪುತ್ತೂರಿನ ಜಾಗಕ್ಕೆ ಏನೂ ಆಗುವುದಿಲ್ಲ ಎಂದೆನಲ್ಲ, ಆ ಮಾತು ನಿಲ್ಲುವುದು ಈ ಪುಸ್ತಕ ಸರಿ ಇದ್ದರೆ. ಸಾಲ ಇರುವಾಗ ಅಪ್ಪನ ಆಸ್ತಿಯನ್ನು ಅವಸರದಲ್ಲಿ ಮಾರುವುದೂ ಬೇಡ.

ಕೈಸಾಲದವರು ಕೋರ್ಟಿಗೆ ಹೋಗಿ ಸಮನ್ಸ್ ಬಂದರೆ ತಿರಸ್ಕರಿಸಬೇಡಿ, ತೆಗೆದುಕೊಳ್ಳಿ. ಅವಧಿ ಮುಗಿದಿದೆ, ನಮ್ಮ ಹೊಣೆ ಅಪ್ಪನ ಆಸ್ತಿಯಷ್ಟಕ್ಕೆ ಮಾತ್ರ ಎಂಬ ಎರಡೂ ಮಾತನ್ನು ಲಿಖಿತ ಉತ್ತರದಲ್ಲಿ ಹೇಳಬೇಕು. ವಕೀಲರ ಖರ್ಚಿನ ಚಿಂತೆ ಇದ್ದರೆ ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಮ್ಮನ ಹೆಸರಿನಲ್ಲಿ ಅರ್ಜಿ ಕೊಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಇದು 1987ರ ಕಾಯಿದೆ ಕೊಟ್ಟ ಹಕ್ಕು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ನೀವು ಊರಿಗೆ ಹೋಗುವಾಗ 1991ರ ಆಧಾರ, ಕೊನೆಯ ತೀರ್ವೆ ರಶೀದಿ, ಅಪ್ಪನ ಮರಣ ಸರ್ಟಿಫಿಕೇಟ್, ಬ್ಯಾಂಕಿನ ಪಾಸ್‌ಬುಕ್ ಮತ್ತು ಆ ನೋಟೀಸನ್ನು ಒಂದು ಕಡೆ ತೆಗೆದಿಡಲು ಅಮ್ಮನಿಗೆ ಹೇಳಿ. ನೋಟೀಸು ಬಂದ ಲಕೋಟೆಯನ್ನೂ ಬಿಸಾಡಬಾರದು. 60 ದಿನದ ಲೆಕ್ಕ ಹಾಕಬೇಕಾಗಿ ಬಂದರೆ ಅದರ ಮೇಲಿನ ಅಂಚೆ ಮೊಹರಿನ ತಾರೀಕು ಬೇಕಾಗುತ್ತದೆ.